ಶಿಲ್ಪಾ ಮಾಡಿದ ಫೋನು

ಸೌಜನ್ಯಳಿಗೆ ಏಳು ತಿಂಗಳು ತುಂಬಿದ ವಾರ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ವೀರೇಂದ್ರ ಮಾತು ತೆಗೆದ.

“ಶುಕ್ರವಾರ ನಾನೂ ಇವಳೂ ಕಾಪುಗೆ ಸಮುದ್ರ ನೋಡೋಕೆ ಹೋಗಿ ಎರಡು ದಿನ ಇದ್ದು ಬರ್ತೀವಿ. ಡಾಕ್ಟ್ರನ್ನ ಕೇಳಿದೀವಿ, ನಿಧಾನಕ್ಕೆ ಹೋಗಿ ಬನ್ನಿ ಅಂದ್ರು. ಇನ್ನು ಇವಳು ಕಳಸಕ್ಕೆ ತವರಿಗೆ ಹೋದ್ರೆ ಮಗು ಎತ್ಕೊಂಡೇ ಬರೋದು. ಆಮೇಲೆ ಎಲ್ಲಿ ಆಗ್ತದೆ?”

ಬಡಿಸುತ್ತಿದ್ದ ಶಿಲ್ಪಾಳ ಸೌಟು ಪಾತ್ರೆಯಲ್ಲೇ ನಿಂತಿತು. ಅವಳು ಆ ಮನೆಯ ಹಿರಿಸೊಸೆ, ವೀರೇಂದ್ರನ ಅಣ್ಣ ರಾಜೇಶನ ಹೆಂಡತಿ. ಜಾವಳಿಯ ಹತ್ತಿರ ಅವರದು ಹನ್ನೆರಡು ಎಕರೆ ಕಾಫಿ. ಅಣ್ಣತಮ್ಮಂದಿರು ಪಾಲಾಗದೆ ಒಂದೇ ಒಲೆಯಲ್ಲಿ ಉಣ್ಣುತ್ತಿದ್ದರು. ಜನವರಿಯ ಕೊನೆ. ರೋಬಸ್ಟಾ ಕೊಯ್ಲು ಬಿರುಸಾಗಿತ್ತು, ಕಣದ ತುಂಬ ಹಣ್ಣು ಹರಡಿತ್ತು.

“ಈಗಲಾ?” ಎಂದಳು ಶಿಲ್ಪಾ. ಕೇಳಿದ್ದು ಮೈದುನನನ್ನು, ನೋಡಿದ್ದು ಅತ್ತೆಯನ್ನು. “ಕೊಯ್ಲಿನ ಟೈಮು. ಅಲ್ಲದೆ ಚಾರ್ಮಾಡಿ ಘಾಟಿ ತಿರುವು ಸಾಮಾನ್ಯದ್ದಾ? ಬಸುರಿ ಹೆಂಗಸು…”

ಅತ್ತೆ ಸಾವಿತ್ರಮ್ಮ ತಲೆ ಎತ್ತಲಿಲ್ಲ. “ಹೋಗ್ಲಿ ಬಿಡೇ. ಎರಡು ದಿನ ತಾನೆ. ಹುಡುಗಿಗೂ ಒಂದು ಬದಲಾವಣೆ ಆಗ್ತದೆ.”

ಶಿಲ್ಪಾ ಮುಂದಿನ ಎಲೆಗೆ ಸಾರು ಬಡಿಸಿದಳು. ಆದರೆ ಆ ‘ಹೋಗ್ಲಿ ಬಿಡೇ’ ಅವಳ ಮನಸ್ಸಿನಿಂದ ಹೋಗಲಿಲ್ಲ. ಹನ್ನೊಂದು ವರ್ಷದ ಹಿಂದೆ, ಇದೇ ತಿಂಗಳಲ್ಲಿ, ಅವಳೂ ಬಸುರಿಯಾಗಿದ್ದಳು. ತುಂಬು ಹೊಟ್ಟೆ ಹೊತ್ತು, ಮರದ ಹಲಗೆ ಹಿಡಿದು ಇದೇ ಕಣದಲ್ಲಿ ಕಾಫಿ ಹಣ್ಣು ಮಗುಚುತ್ತಿದ್ದಳು. ‘ಬಸುರಿಗೆ ಮೈ ಆಡಿಸೋದು ಒಳ್ಳೇದು’ ಎಂದಿದ್ದರು ಇದೇ ಅತ್ತೆ. ನೋವು ಕಾಣಿಸಿಕೊಂಡಿದ್ದೂ ಕಣದಲ್ಲೇ. ಮೂಟೆ ಇಳಿಸಿದ ಜೀಪಿನಲ್ಲೇ ಕೂರಿಸಿ ಮೂಡಿಗೆರೆಗೆ ಕರೆದೊಯ್ದಿದ್ದರು. ಆಸ್ಪತ್ರೆಯಲ್ಲಿ ಮಂಚಕ್ಕೆ ಹತ್ತಿಸುವಾಗ ಅವಳ ಸೀರೆಯ ನೆರಿಗೆಯಿಂದ ಎರಡು ಕಾಫಿ ಹಣ್ಣು ಉದುರಿದ್ದವು. ನರ್ಸು ನಕ್ಕಿದ್ದಳು. ಆಗ ಶಿಲ್ಪಾಳಿಗೂ ನಗು ಬಂದಿತ್ತು. ಈಗ ನೆನೆದರೆ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅವರು ಹೊರಟರು. ಸೌಜನ್ಯ ಹಳದಿ ಚೂಡಿದಾರ ಹಾಕಿಕೊಂಡಿದ್ದಳು. ವೀರೇಂದ್ರ ಕಾರಿನ ಮುಂದಿನ ಸೀಟನ್ನು ಹಿಂದಕ್ಕೆ ಬಾಗಿಸಿ, ಅವಳ ಸೊಂಟಕ್ಕೆ ದಿಂಬು ಕೊಟ್ಟು, ಬಾಗಿಲು ಮುಚ್ಚುವ ಮೊದಲು ವೇಲು ಸಿಕ್ಕಿಕೊಳ್ಳದ ಹಾಗೆ ಅದನ್ನು ಒಳಗೆ ಎಳೆದಿಟ್ಟ. ಅಷ್ಟೆ. ಆದರೆ ದಾರಿಗೆಂದು ಕೋಡುಬಳೆ ಕಟ್ಟಿಕೊಟ್ಟು ನಿಂತಿದ್ದ ಶಿಲ್ಪಾಳ ಕಣ್ಣು ಆ ವೇಲಿನ ಮೇಲೇ ನಿಂತುಬಿಟ್ಟಿತು.

“ಬರ್ತೀವಿ ಅಕ್ಕ. ನಿಮಗೆ ಎಂತ ತರ್ಲಿ?” ಎಂದು ಸೌಜನ್ಯ ಕಿಟಕಿಯಿಂದ ಕೇಳಿದಳು.

“ನಂಗೆ ಎಂತಕ್ಕೆ? ನೀನು ಹುಷಾರಾಗಿ ಬಾ ಸಾಕು.” ಬಾಯಿ ಹೇಳಿತು.

ಶಿಲ್ಪಾ ಸಮುದ್ರ ನೋಡದವಳಲ್ಲ. ಮದುವೆಯಾದ ವರ್ಷ ಧರ್ಮಸ್ಥಳ, ಉಡುಪಿ ಅಂತ ಹದಿನಾಲ್ಕು ಜನ ಒಂದೇ ವ್ಯಾನಿನಲ್ಲಿ ಹೋಗಿದ್ದರು. ಮಲ್ಪೆಯಲ್ಲಿ ಎಲ್ಲರೂ ನೀರಿಗಿಳಿದಾಗ ಹೊಸ ಸೊಸೆಯ ಕೈಗೆ ಬ್ಯಾಗುಗಳನ್ನು ಕೊಟ್ಟು ದಡದಲ್ಲಿ ನಿಲ್ಲಿಸಿದ್ದರು. ರಾಜೇಶನೂ ತನ್ನ ವಾಚು ಬಿಚ್ಚಿ ಅವಳ ಕೈಗೇ ಕೊಟ್ಟು ಓಡಿದ್ದ. ಅವಳು ಇಳಿಯುವ ಸರದಿ ಬರುವಷ್ಟರಲ್ಲಿ ಡ್ರೈವರ್ ಹಾರ್ನ್ ಹೊಡೆದಿದ್ದ. ರಾಜೇಶ ಕೆಟ್ಟವನಲ್ಲ. ಕುಡಿತವಿಲ್ಲ, ಕೈ ಎತ್ತಿದವನಲ್ಲ. ಆದರೆ ಹನ್ನೆರಡು ವರ್ಷದಲ್ಲಿ ‘ನಾವಿಬ್ರೂ’ ಎಂದು ಶುರುವಾಗುವ ಒಂದು ಮಾತು ಅವನ ಬಾಯಿಂದ ಬಂದಿರಲಿಲ್ಲ.

ಶನಿವಾರ ಬೆಳಿಗ್ಗೆ ಮನೆಯವರ ವಾಟ್ಸಾಪ್ ಗುಂಪಿಗೆ ಫೋಟೋಗಳು ಬಂದವು. ಶಿಲ್ಪಾ ತನ್ನ ಹೆಣ್ಣುಮಕ್ಕಳಿಬ್ಬರನ್ನು ಶಾಲೆಯ ವ್ಯಾನಿಗೆ ಹತ್ತಿಸಿ, ಕಣದ ಮೂಲೆಯಲ್ಲಿ ನಿಂತು ನೋಡಿದಳು. ಹಿಂದಿನ ಸಂಜೆ ತೆಗೆದವು. ಒಂದರಲ್ಲಿ ದೀಪಸ್ತಂಭ. ಇನ್ನೊಂದರಲ್ಲಿ ಎಳನೀರು ಕುಡಿಯುತ್ತಿರುವ ಸೌಜನ್ಯ. ಮೂರನೆಯದನ್ನು ಯಾರೋ ದಾರಿಹೋಕರ ಕೈಲಿ ತೆಗೆಸಿದ್ದಿರಬೇಕು. ಸೌಜನ್ಯ ಹೊಟ್ಟೆಯ ಮೇಲೆ ಕೈಯಿಟ್ಟು ಅಲೆಯ ಅಂಚಿನಲ್ಲಿ ನಿಂತಿದ್ದಳು. ವೀರೇಂದ್ರ ಒಂದು ಕೈಯಲ್ಲಿ ಅವಳ ಭುಜ ಬಳಸಿದ್ದ, ಇನ್ನೊಂದು ಕೈಯಲ್ಲಿ ಅವಳ ಚಪ್ಪಲಿ ಹಿಡಿದಿದ್ದ.

ಶಿಲ್ಪಾ ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದಳು. ಚಪ್ಪಲಿಯೇ. ಮರಳು ಮೆತ್ತಿದ ಹೆಂಗಸಿನ ಚಪ್ಪಲಿ. ಆ ಗಂಡಸು ಅದನ್ನು ಹಿಡಿದು ಹಲ್ಲು ಬಿಟ್ಟು ನಗುತ್ತಿದ್ದ. ಸೌಜನ್ಯಳ ಸೀರೆ, ಒಡವೆ, ಬಣ್ಣ ಯಾವುದರ ಮೇಲೂ ಶಿಲ್ಪಾಳ ಕಣ್ಣು ಎಂದೂ ಬಿದ್ದಿರಲಿಲ್ಲ. ಇದೊಂದನ್ನು ಮಾತ್ರ ಅವಳಿಂದ ನೋಡಲಾಗಲಿಲ್ಲ, ನೋಡದೆ ಇರಲೂ ಆಗಲಿಲ್ಲ. ಫೋನು ಸೊಂಟಕ್ಕೆ ಸಿಕ್ಕಿಸುವುದು, ನಾಲ್ಕು ಸಾಲು ಹಣ್ಣು ಮಗುಚುವುದು, ಮತ್ತೆ ತೆಗೆದು ನೋಡುವುದು.

“ಎಂತ ನೋಡ್ತಿದೀರಿ ಅಮ್ಮಾ ಅಷ್ಟೊಂದು?” ಎಂದು ಕಣದ ಕೆಲಸಕ್ಕೆ ಬರುವ ಜವರಮ್ಮ ಕೇಳಿದಳು. ತೋರಿಸಿದಾಗ ಬಾಯಿ ತುಂಬ ನಕ್ಕಳು. “ಅಯ್ಯೋ, ಚಿಕ್ಕಯಜಮಾನ್ರು ಎಷ್ಟು ಚೆನ್ನಾಗಿ ನೋಡ್ಕೊತಾರೆ! ಪುಣ್ಯ ಮಾಡಿದ್ರು ಚಿಕ್ಕಮ್ಮಾವ್ರು.”

ಹಾಗಾದರೆ ನಾನು ಪಾಪ ಮಾಡಿದ್ದೆನೇನೋ, ಅಂದುಕೊಂಡಳು ಶಿಲ್ಪಾ.

ಹತ್ತು ಗಂಟೆಯ ಸುಮಾರಿಗೆ ಬಿಸಿಲು ಚುರುಕಾಯಿತು. ಕಣಕ್ಕೆ ಬಂದಿದ್ದ ಸಾವಿತ್ರಮ್ಮ, “ಯಾಕೋ ತಲೆ ಸುತ್ತಿದ ಹಾಗಾಯ್ತು” ಎಂದು ಹಲಸಿನ ಮರದ ನೆರಳಿಗೆ ಹೋಗಿ ಕೂತರು. ಶಿಲ್ಪಾ ಮಜ್ಜಿಗೆ ತಂದುಕೊಟ್ಟಳು. ಕುಡಿದು ಐದು ನಿಮಿಷಕ್ಕೆ ಸರಿಹೋಗಿ, ಸೆರಗು ಕೊಡವಿಕೊಂಡು ಮೆಣಸು ಆರಿಸಲು ಮನೆಗೆ ನಡೆದರು.

ಖಾಲಿ ಲೋಟ ಹಿಡಿದು ಶಿಲ್ಪಾ ಅಲ್ಲೇ ನಿಂತಿದ್ದಳು. ಆಮೇಲೆ ಎಷ್ಟೋ ಸಲ ಅವಳು ಆ ಗಳಿಗೆಯನ್ನು ನೆನೆದು, ಯೋಚನೆ ಮೊದಲು ಬಂತೋ ಬೆರಳು ಮೊದಲು ಹೋಯಿತೋ ಎಂದು ತನ್ನನ್ನೇ ಕೇಳಿಕೊಂಡಳು. ಮೈದುನನಿಗೆ ಫೋನು ಹೋಗಿತ್ತು.

“ವೀರೇಂದ್ರ, ಅತ್ತೆಗೆ ತಲೆ ಸುತ್ತು ಬಂತು. ಬಿ.ಪಿ. ಏರಿರಬೇಕು ಅನ್ನಿಸ್ತದೆ. ಮಲಗಿಸಿದೀನಿ. ನೀವು ಬಂದ್ರೆ ಒಳ್ಳೇದು.”

“ಅಯ್ಯೋ! ಅಣ್ಣ ಎಲ್ಲಿ ಅತ್ತಿಗೆ?”

“ಕೆಳಗಿನ ತೋಟದಲ್ಲಿದಾರೆ. ಅಲ್ಲಿ ಸಿಗ್ನಲ್ ಇಲ್ಲವಲ್ಲ.”

ಅದೊಂದು ಮಾತು ನಿಜ. ಅತ್ತ ಕಡೆಯಿಂದ ಅಲೆಯ ಸದ್ದು ಕೇಳುತ್ತಿತ್ತು, ನಡುವೆ ಸೌಜನ್ಯ ‘ಯಾರು? ಎಂತಾಯ್ತು?’ ಎಂದು ಕೇಳಿದ್ದೂ ಕೇಳಿಸಿತು. “ಈಗಲೇ ಹೊರಡ್ತೀವಿ” ಎಂದು ವೀರೇಂದ್ರ ಫೋನಿಟ್ಟ.

ಅರ್ಧ ಗಂಟೆ ಶಿಲ್ಪಾಳಿಗೆ ಹಗುರವಾಗಿತ್ತು. ಅದನ್ನೂ ಮುಚ್ಚಿಡುವಂತಿಲ್ಲ. ಕೆಲಸ ಚುರುಕಾಗಿ ಸಾಗಿತು, ಜವರಮ್ಮನ ಜೊತೆ ಎರಡು ತಮಾಷೆಯ ಮಾತನ್ನೂ ಆಡಿದಳು. ಆಮೇಲೆ ಒಳಗೆ ಹೋದಾಗ ಸಾವಿತ್ರಮ್ಮ ಮೊರದ ಮುಂದೆ ಕಾಲು ಚಾಚಿ ಕೂತು, ಎಂಥದ್ದೋ ದೇವರ ಹಾಡನ್ನು ಗುನುಗುತ್ತ ಮೆಣಸು ಕೇರುತ್ತಿದ್ದರು. ಅವರನ್ನು ನೋಡಿದ್ದೇ ಶಿಲ್ಪಾ ಬಾಗಿಲಲ್ಲೇ ನಿಂತಳು. ನಾನು ಮಾಡಿದ್ದೇನು? ಹಿತ್ತಿಲಿಗೆ ಹೋಗಿ ಮತ್ತೆ ಫೋನು ಮಾಡಿದಳು. ‘ಅತ್ತೆ ಸರಿ ಹೋದ್ರು, ಬರಬೇಡಿ’ ಎಂದರೆ ಮುಗಿಯಿತು. ವೀರೇಂದ್ರ ಎತ್ತಲಿಲ್ಲ, ಗಾಡಿ ಓಡಿಸುತ್ತಿದ್ದನೇನೋ. ಸೌಜನ್ಯಳದೂ ರಿಂಗಾಗಿ ನಿಂತಿತು. ಹನ್ನೆರಡೂವರೆಗೆ ಮಾಡಿದಾಗ ಇಬ್ಬರದೂ ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದಿತು. ಘಾಟಿ ಹತ್ತುತ್ತಿದ್ದಾರೆ ಎಂದು ಅವಳಿಗೆ ತಿಳಿಯಿತು. ಗಾಬರಿಯಲ್ಲಿರುವ ಮಗ, ಒಂದರ ಮೇಲೊಂದು ತಿರುವು, ಪಕ್ಕದಲ್ಲಿ ಏಳು ತಿಂಗಳ ಬಸುರಿ. ಘಾಟಿಯ ತಿರುವಿನ ಹೆದರಿಕೆ ಹೇಳಿದ್ದು ತಾನೇ, ಈಗ ಆ ತಿರುವಿಗೆ ಅವರನ್ನು ಎಳೆದು ತಂದವಳೂ ತಾನೇ.

ಮಧ್ಯಾಹ್ನ ಎರಡು ದಾಟಿದ ಮೇಲೆ ಕಾರು ಅಂಗಳಕ್ಕೆ ಬಂದು ಜೋರಾಗಿ ನಿಂತಿತು. ಸಾವಿತ್ರಮ್ಮ ಮೊರವನ್ನು ಕೈಲಿ ಹಿಡಿದೇ ಜಗುಲಿಗೆ ಬಂದರು.

“ಎಂತದ್ರೋ? ನಾಳೆ ಅಲ್ವಾ ಬರೋದು? ಇಷ್ಟು ಬೇಗ ಬಂದ್ರಿ?”

ವೀರೇಂದ್ರ ತಾಯಿಯನ್ನು ಮೇಲಿಂದ ಕೆಳಗೆ ನೋಡಿದ. “ಅಮ್ಮ, ನೀನು ಮಲಗಿಲ್ವಾ? ಬಿ.ಪಿ. ಅಂತೆ, ತಲೆ ಸುತ್ತು ಅಂತೆ…”

“ಬೆಳಿಗ್ಗೆ ಬಿಸಿಲಿಗೆ ಒಂಚೂರು ಆಗಿತ್ತಪ್ಪ. ಮಜ್ಜಿಗೆ ಕುಡಿದೆ, ಹೋಯ್ತು. ಯಾರು ಹೇಳಿದ್ರು ನಿಂಗೆ?”

ಯಾರೂ ಶಿಲ್ಪಾಳ ಹೆಸರು ಹೇಳಲಿಲ್ಲ. ಎಲ್ಲರೂ ಅವಳ ಕಡೆ ತಿರುಗಿದರು, ಅಷ್ಟೆ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಸುಳ್ಳಿಗೆ ಇನ್ನೊಂದು ಸುಳ್ಳು ಜೋಡಿಸಬಹುದಿತ್ತು. ‘ಭಯವಾಯ್ತು, ಅದಕ್ಕೇ ಮಾಡಿದೆ’ ಎಂದಿದ್ದರೆ ನಂಬುತ್ತಿದ್ದರು ಕೂಡ. ಅಷ್ಟರಲ್ಲಿ ಸೌಜನ್ಯ ಕಾರಿನಿಂದ ಇಳಿದಳು. ಹಳದಿ ಚೂಡಿದಾರದ ಮುಂಭಾಗ ವಾಂತಿಯ ಕಲೆ. ಮುಖ ಬಿಳುಚಿತ್ತು. ಎರಡು ಹೆಜ್ಜೆ ಇಟ್ಟವಳು ಹೊಟ್ಟೆಯ ಅಡಿ ಹಿಡಿದು ಬಗ್ಗಿದಳು.

“ಬಿಗೀತದೆ… ಕೊಟ್ಟಿಗೆಹಾರ ದಾಟಿದಾಗಿಂದ ಬಿಗಿದು ಬಿಗಿದು ಬಿಡ್ತಿದೆ,” ಎಂದಳು.

ಶಿಲ್ಪಾ ಓಡಿಬಂದು ಹಿಡಿಯಹೋದಳು. ವೀರೇಂದ್ರ ಅಡ್ಡ ನಿಂತ. “ನೀವು ಬೇಡ ಅತ್ತಿಗೆ.”

ಅತ್ತಿಗೆ ಎಂದ ಮರ್ಯಾದೆಯೂ ಹಾಗೇ ಇತ್ತು, ಬೇಡ ಎಂಬ ಮಾತೂ ಅಷ್ಟೇ ಗಟ್ಟಿಯಾಗಿತ್ತು. ಸಾವಿತ್ರಮ್ಮನನ್ನು ಹಿಂದೆ ಕೂರಿಸಿಕೊಂಡು, ಸೌಜನ್ಯಳ ತಲೆಯನ್ನು ಅವರ ತೊಡೆಯ ಮೇಲಿಟ್ಟು, ಅವನು ಮೂಡಿಗೆರೆಗೆ ಹೊರಟ.

ರಾಜೇಶ ಕೆಳಗಿನ ತೋಟದಿಂದ ಬಂದಾಗ ಶಿಲ್ಪಾ ಜಗುಲಿಯ ಮೆಟ್ಟಿಲ ಮೇಲೆ ಕೂತಿದ್ದಳು. ಕೇಳುವ ಮೊದಲೇ ಎಲ್ಲ ಹೇಳಿದಳು. ಫೋಟೋ, ಚಪ್ಪಲಿ, ಮಜ್ಜಿಗೆ, ಫೋನು. ಒಂದನ್ನೂ ಬಿಡಲಿಲ್ಲ.

ರಾಜೇಶ ತಲೆಯ ಟವೆಲನ್ನು ಬಿಚ್ಚಿ ಕೈಯಲ್ಲಿ ಹಿಂಡಿದ. “ನಿಂಗೆ ಹೋಗಬೇಕು ಅನ್ನಿಸಿದ್ರೆ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ? ನಾನೇನು ಬೇಡ ಅಂತಿದ್ನಾ?” ಎಂದ.

“ಸೌಜನ್ಯ ಹೇಳಿದ್ಲಾ ವೀರೇಂದ್ರಂಗೆ?”

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ಮುಖ ನೋಡಲಿಲ್ಲ. “ಅವರು ಆಸ್ಪತ್ರೆಯಲ್ಲಿದಾರೆ. ಈಗ ಇದೆಲ್ಲ ಎಂತಕ್ಕೆ?” ಎಂದು ಫೋನು ಹಿಡಿದು ಗೇಟಿನ ಕಡೆ ನಡೆದ.

ದೀಪ ಹಚ್ಚುವ ಹೊತ್ತಿಗೆ ಕಾರು ಮರಳಿತು. ಮಗುವಿಗೆ ಏನೂ ಆಗಿರಲಿಲ್ಲ. ಪ್ರಯಾಣದ ಆಯಾಸ, ಗಾಬರಿ. ಇಂಜೆಕ್ಷನ್ ಕೊಟ್ಟು ಎರಡು ಗಂಟೆ ಮಲಗಿಸಿಕೊಂಡು ಕಳಿಸಿದ್ದರು. ಹೆರಿಗೆಯವರೆಗೆ ದೂರದ ಪ್ರಯಾಣ ಬೇಡವೇ ಬೇಡ ಎಂದಿದ್ದರು. ಶಿಲ್ಪಾ ದೇವರ ಮುಂದೆ ನಿಲ್ಲಲು ಹೋಗಲಿಲ್ಲ, ತೋರಿಸಲು ಮುಖವಿರಲಿಲ್ಲ. ಹಂಡೆಗೆ ನೀರು ತುಂಬಿ ಬೆಂಕಿ ಹಾಕಿದಳು.

ರಾಜೇಶನಿಂದ ಎಲ್ಲ ಕೇಳಿ ತಿಳಿದಿದ್ದ ಸಾವಿತ್ರಮ್ಮ ಬಚ್ಚಲ ಒಲೆಯ ಹತ್ತಿರಕ್ಕೇ ಬಂದರು. “ಹೊಟ್ಟೆಕಿಚ್ಚು ಯಾರಿಗಿಲ್ಲ ಹೇಳು. ಆದ್ರೆ ಅದಕ್ಕೆ ನನ್ನ ತಲೆನೇ ಬೇಕಾಗಿತ್ತೇನೇ ನಿಂಗೆ? ಬದುಕಿರೋಳನ್ನ ಮಲಗಿಸಿಬಿಟ್ಯಲ್ಲ!”

“ತಪ್ಪಾಯ್ತು ಅತ್ತೆ.”

“ನನ್ನ ಹತ್ರ ಎಂತ ತಪ್ಪು ಒಪ್ಕೊಳ್ತೀಯ? ಅವಳ ಹತ್ರ ಹೋಗು.” ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು. “ನಿನ್ನ ಬಸಿರಲ್ಲಿ ನಾನೂ ಸ್ವಲ್ಪ ಯೋಚನೆ ಮಾಡಬೇಕಾಗಿತ್ತು. ಮಾಡಲಿಲ್ಲ. ಅದು ಬೇರೆ ಮಾತು. ಅದನ್ನ ಇದಕ್ಕೆ ಸೇರಿಸಬೇಡ.”

ಮಾರನೆಯ ದಿನ ಬೆಳಿಗ್ಗೆ ಶಿಲ್ಪಾ ಗಂಜಿ ತೆಗೆದುಕೊಂಡು ಸೌಜನ್ಯಳ ಕೋಣೆಗೆ ಹೋದಳು. ವೀರೇಂದ್ರ ಅವಳು ಬಂದದ್ದು ನೋಡಿ ಎದ್ದು ಹೊರಗೆ ನಡೆದ. ಸೌಜನ್ಯ ಗೋಡೆಗೆ ಒರಗಿ ಕೂತಿದ್ದಳು.

“ನಂಗೆ ಹೊಟ್ಟೆಕಿಚ್ಚಾಯ್ತು. ನಿನ್ನ ಮೇಲಲ್ಲ…” ಎಂದು ಶುರುಮಾಡಿದ ಶಿಲ್ಪಾ ಅಲ್ಲೇ ತಡೆದುಕೊಂಡಳು. “ಅಲ್ಲ, ನಿನ್ನ ಮೇಲೇ. ಅವನು ನಿನ್ನ ಚಪ್ಪಲಿ ಹಿಡಿದಿದ್ದ ನೋಡು, ಅದು ನಂಗೆ ತಡೆಯೋಕಾಗಲಿಲ್ಲ.”

ಸೌಜನ್ಯ ಗಂಜಿಯ ಲೋಟ ಮುಟ್ಟಲಿಲ್ಲ. “ಅಕ್ಕ, ನಂಗೆ ಸಿಟ್ಟು ಬಂದಿದೆ. ಹೋಗ್ಲಿ ಬಿಡಿ ಅಂತ ಹೇಳೋಕೆ ಬಾಯಿ ಬರ್ತಿಲ್ಲ. ದಾರಿಯಲ್ಲಿ ಹೊಟ್ಟೆ ಕಲ್ಲಾದಾಗ ನಾನು ಎಷ್ಟು ಹೆದರಿದ್ದೆ ಗೊತ್ತಾ? ಮಗು ಹೋಯ್ತು ಅಂದ್ಕೊಂಡೆ.”

ಶಿಲ್ಪಾ ಬಾಗಿಲ ಕಡೆ ತಿರುಗಿದಳು.

“ಹೋಗ್ಬೇಡಿ, ಕೂತ್ಕೊಳಿ,” ಎಂದಳು ಸೌಜನ್ಯ. “ಅಲ್ಲಿ ಹೇಗಿತ್ತು ಅಂತ ಕೇಳಿ. ಕೇಳಲೇಬೇಕು ನೀವು.” ಆಮೇಲೆ ಒಂದೊಂದಾಗಿ ಹೇಳಿದಳು. ಸಂಜೆ ಬಂಡೆಯ ಮೇಲೆ ಕೂತಿದ್ದು, ನೀರು ಪಾದಕ್ಕೆ ತಾಗಿದಾಗ ಮಗು ಒಳಗೆ ತಿರುಗಿದ್ದು, ವೀರೇಂದ್ರ ಹೊಟ್ಟೆಗೆ ಕಿವಿಯಿಟ್ಟು ಹೆಸರು ಹುಡುಕಿದ್ದು, ಬೆಳಿಗ್ಗೆ ದೋಣಿ ಬರುವುದನ್ನು ನೋಡಲು ಹೊರಟಾಗಲೇ ಫೋನು ಬಂದಿದ್ದು. ಎಲ್ಲಿಯೂ ಅದನ್ನು ಸಣ್ಣದು ಮಾಡಿ ಹೇಳಲಿಲ್ಲ. ಶಿಲ್ಪಾ ಕೇಳಿದಳು. ಪ್ರತಿ ಮಾತೂ ಚುಚ್ಚಿತು. ಹೊಟ್ಟೆಕಿಚ್ಚು ಇನ್ನೂ ಆರಿರಲಿಲ್ಲ. ನಾಚಿಕೆಯೂ ಅದರ ಪಕ್ಕದಲ್ಲೇ ಬಂದು ಕೂತಿತ್ತು, ಅಷ್ಟೆ.

“ನನ್ನ ಒಂದೂವರೆ ದಿನ ನೀವು ಕಿತ್ಕೊಂಡ್ರಿ,” ಎಂದಳು ಸೌಜನ್ಯ ಕೊನೆಗೆ. “ಇನ್ನು ನಾನು ಆಗಲಿ ಅನ್ನೋವರೆಗೂ ನೀವೂ ಸಮುದ್ರದ ಕಡೆ ಹೋಗೋ ಹಾಗಿಲ್ಲ. ಬಾವ ಕರೆದ್ರೂ ಇಲ್ಲ.”

ಚಿಕ್ಕ ಹುಡುಗಿಯ ಹಟದ ಹಾಗಿತ್ತು ಆ ಮಾತು. ಆದರೆ ಅವಳ ಮುಖದಲ್ಲಿ ನಗುವಿರಲಿಲ್ಲ.

“ಆಗಲಿ. ಹೋಗಲ್ಲ,” ಎಂದಳು ಶಿಲ್ಪಾ. ಆಗ ಸೌಜನ್ಯ ಗಂಜಿಯ ಲೋಟಕ್ಕೆ ಕೈ ಚಾಚಿದಳು.

ವೀರೇಂದ್ರ ಅತ್ತಿಗೆಯ ಹತ್ತಿರ ಎರಡು ತಿಂಗಳು ನೇರವಾಗಿ ಮಾತಾಡಲಿಲ್ಲ. ‘ಅಮ್ಮ, ಸಾರು ಬೇಕಿತ್ತು’ ಎಂದು ಗೋಡೆಗೆ ಹೇಳುವಂತೆ ಹೇಳುತ್ತಿದ್ದ. ಸೀಮಂತ ಮನೆಯಲ್ಲೇ ಸಣ್ಣದಾಗಿ ಆಯಿತು. ತವರಿಗೆ ಹೋಗುವಂತಿರಲಿಲ್ಲವಾದ್ದರಿಂದ ಸೌಜನ್ಯಳ ತಾಯಿಯೇ ಕಳಸದಿಂದ ಬಂದು ಇದ್ದರು. ಮಾರ್ಚಿ ಕೊನೆಗೆ ಮೂಡಿಗೆರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಲ್ಲಿ ಮಗುವನ್ನು ನೋಡಿಕೊಂಡು ಶಿಲ್ಪಾ ಮೂರು ದಿನ ಇದ್ದಳು. ಮೂರನೆಯ ದಿನ ವೀರೇಂದ್ರ, “ಅತ್ತಿಗೆ, ಊಟ ತಂದಿದೀನಿ, ಮೊದಲು ನೀವು ಮಾಡಿ” ಎಂದ.

ಅದೇ ಬೇಸಿಗೆಯಲ್ಲಿ ರಾಜೇಶ ಒಂದು ಬೆಳಿಗ್ಗೆ ಬಂದು, ಗಂಟಲು ಸರಿಮಾಡಿಕೊಂಡು, “ನಾವಿಬ್ರೂ ಮಲ್ಪೆಗೆ ಹೋಗಿ ಬರಣ್ವಾ?” ಎಂದ. ಹನ್ನೆರಡು ವರ್ಷಕ್ಕೆ ಬಂದ ಮಾತು. ಶಿಲ್ಪಾಳಿಗೆ ಅಳುವೂ ಬಂತು, ನಗುವೂ ಬಂತು. “ಈಗಾಗಲ್ಲ. ಮಾತು ಕೊಟ್ಟಿದೀನಿ” ಎಂದಳು. ಎಂಥ ಮಾತೆಂದು ಅವನು ಕೇಳಿದ್ದಕ್ಕೆ ಹೇಳಲಿಲ್ಲ. ಅವನು ಎರಡು ದಿನ ಮುಖ ಊದಿಸಿಕೊಂಡಿದ್ದ.

ಮುಂದಿನ ವರ್ಷದ ಕೊಯ್ಲು ಮುಗಿದು ಒಣಗಿದ ಕಾಫಿಯ ಮೂಟೆಗಳೆಲ್ಲ ಸಾಗಿದ ಮೇಲೆ ಒಂದು ಮಧ್ಯಾಹ್ನ ಸೌಜನ್ಯ ಮಗುವಿಗೆ ಅನ್ನ ಮಿದ್ದು ತಿನ್ನಿಸುತ್ತ ತಾನಾಗಿ ಹೇಳಿದಳು. “ಅಕ್ಕ, ನೀವೂ ಬಾವನೂ ಹೋಗಿ ಬನ್ನಿ. ಆಗಲಿ ಅಂತಿದೀನಿ. ಇವಳು ಇನ್ನೂ ಹಾಲು ಬಿಟ್ಟಿಲ್ಲ, ಕಾರಲ್ಲಿ ಕೂತ್ರೆ ಬೊಬ್ಬೆ ಹೊಡೀತಾಳೆ. ನಾನು ಹೋಗೋದು ಯಾವ ಕಾಲಕ್ಕೋ. ಅಲ್ಲೀವರೆಗೂ ನಿಮ್ಮನ್ನ ಕಟ್ಟಿಹಾಕಿ ಎಂತ ಮಾಡ್ಲಿ?”

“ನೀನು ಹೋಗಿ ಬಂದ್ಮೇಲೆ ಹೋಗ್ತೀನಿ.”

“ಒಳ್ಳೇತನ ಬೇಡ ಮಾರಾಯ್ತಿ. ನಾನು ಮನಸ್ಸು ಬದಲಾಯಿಸೋ ಮೊದಲು ಹೊರಡಿ.”

ಆ ಸಂಜೆ ಶಿಲ್ಪಾ ಗಂಡ ಕರೆಯಲೆಂದು ಕಾಯಲಿಲ್ಲ. “ಶುಕ್ರವಾರ ಮಲ್ಪೆಗೆ ಹೋಗ್ತಿದೀವಿ. ಭಾನುವಾರ ಸಂಜೆ ಬರೋದು,” ಎಂದಳು.

“ಶುಕ್ರವಾರ ಮೋಟಾರ್ ರಿಪೇರಿಯವನು ಬರ್ತಾನೆ…”

“ವೀರೇಂದ್ರ ಇದಾನೆ, ನೋಡ್ಕೊಳ್ತಾನೆ. ನಂಗೆ ನೀರಿಗಿಳೀಬೇಕು.”

ರಾಜೇಶ ಹೂಂ ಎಂದ.

ಶುಕ್ರವಾರ ಕಾರು ಅಂಗಳದಿಂದ ಹೊರಡುವಾಗ ಮಕ್ಕಳಿಬ್ಬರೂ ಅಜ್ಜಿಯ ಪಕ್ಕ ನಿಂತು ಕೈ ಬೀಸಿದರು. ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಗೇಟು ತೆರೆಯಲು ಬಂದಿದ್ದ ಸೌಜನ್ಯ ಬೀಸಲಿಲ್ಲ. ಅವಳ ತುಟಿ ನಗುತ್ತಿತ್ತು, ಕಣ್ಣು ಕಾರಿನ ಹಿಂದಿನ ಸೀಟಿನಲ್ಲಿದ್ದ ಬ್ಯಾಗಿನ ಮೇಲೆ ನೆಟ್ಟಿತ್ತು. ಆ ನೋಟ ಶಿಲ್ಪಾಳಿಗೆ ಹೊಸದಲ್ಲ. ರಾಜೇಶನ ತೋಳು ಮುಟ್ಟಿ ನಿಲ್ಲಿಸಲು ಹೇಳಿ, ಕಿಟಕಿಯ ಗಾಜು ಇಳಿಸಿದಳು.

“ಹೊಟ್ಟೆ ಉರೀತಿದ್ಯಾ?” ಎಂದು ಕೇಳಿದಳು.

ಸೌಜನ್ಯ ಮಗುವನ್ನು ಇನ್ನೊಂದು ಪಕ್ಕಕ್ಕೆ ಬದಲಿಸಿಕೊಂಡಳು. “ಉರೀತಿದೆ ಅಕ್ಕ,” ಎಂದಳು. “ಚೆನ್ನಾಗಿ ಉರೀತಿದೆ. ಹೋಗಿ ಬನ್ನಿ.”

ಇಬ್ಬರಿಗೂ ಒಟ್ಟಿಗೇ ನಗು ಬಂತು. ಎಂತ ವಿಷಯ ಎಂದು ರಾಜೇಶ ಕೇಳುತ್ತಲೇ ಇದ್ದ. ಶಿಲ್ಪಾ ಗಾಜು ಏರಿಸಿದಳು, ಕಾರು ಕೊಟ್ಟಿಗೆಹಾರದ ರಸ್ತೆಗೆ ತಿರುಗಿತು.